962 ದಿನ ಆರದ ಒಲೆ: ಅಣು ವಿದ್ಯುತ್ತಿನ ನಿಜವಾದ ಲಾಭ ಯಾವುದು?

ಅಣು ವಿದ್ಯುತ್ತಿನ ಸುದ್ದಿಗಳು ಒಂದರ ಹಿಂದೆ ಒಂದು ಬರುತ್ತಿವೆ. ಆದರೆ ಒಂದಕ್ಕೊಂದು ತಾಳೆ ಆಗುತ್ತಿಲ್ಲ. 2025ರ ಫೆಬ್ರವರಿಯ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ 2047ಕ್ಕೆ 100 ಗಿಗಾವಾಟ್ (ಅಂದರೆ ಒಂದು ಲಕ್ಷ ಮೆಗಾವಾಟ್) ಅಣು ವಿದ್ಯುತ್ ಎಂಬ ಗುರಿ ಇಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ‘ಶಾಂತಿ’ ಹೆಸರಿನ ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು, ದಶಕಗಳಿಂದ ಸರ್ಕಾರದ ಕೈಯಲ್ಲೇ ಇದ್ದ ಈ ಕ್ಷೇತ್ರದ ಬಾಗಿಲು ಖಾಸಗಿ ಕಂಪನಿಗಳಿಗೂ ತೆರೆಯಿತು. ಇತ್ತ ಉತ್ತರ ಕನ್ನಡದ ಕೈಗಾ ಅಣುಸ್ಥಾವರದಲ್ಲಿ 5 ಮತ್ತು 6ನೇ ಘಟಕದ ಕೆಲಸ ಶುರುವಾಗಿದೆ. ಕೊಪ್ಪಳದ ಕಡೆ ಸ್ಥಾವರಕ್ಕೆ ಜಾಗ ನೋಡುತ್ತಾರಂತೆ ಎಂಬ ಸುದ್ದಿ ಬಂದದ್ದೇ ತಡ, ಊರಿನವರು ಬೇಡ ಎಂದು ಎದ್ದು ನಿಂತರು. ಇನ್ನೊಂದು ಕಡೆ ಜರ್ಮನಿ ತನ್ನ ಕೊನೆಯ ಮೂರು ಅಣುಸ್ಥಾವರಗಳನ್ನು 2023ರ ಏಪ್ರಿಲ್ 15ಕ್ಕೆ ಮುಚ್ಚಿಯೇಬಿಟ್ಟಿದೆ.

ಓದುವವರಿಗೆ ಗೊಂದಲ ಆಗದೆ ಇರುತ್ತದಾ? ಇದು ಒಳ್ಳೆಯದೇ ಆಗಿದ್ದರೆ ಜರ್ಮನಿ ಯಾಕೆ ಮುಚ್ಚಿತು, ಕೆಟ್ಟದ್ದಾಗಿದ್ದರೆ ನಾವು ಯಾಕೆ ಹತ್ತು ಪಟ್ಟು ಜಾಸ್ತಿ ಮಾಡಲು ಹೊರಟಿದ್ದೇವೆ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಣು ವಿದ್ಯುತ್ ಅಗ್ಗ ಎನ್ನುವವರ ಮಾತು ಅರ್ಧ ಸತ್ಯ. ಅದರ ನಿಜವಾದ ಲಾಭ ಬೇರೆ ಕಡೆ ಇದೆ. ಮಳೆ, ಬಿಸಿಲು, ಕಲ್ಲಿದ್ದಲಿನ ರೈಲು, ಈ ಮೂರರಲ್ಲಿ ಯಾವುದನ್ನೂ ಕಾಯದೆ ಹಗಲೂ ರಾತ್ರಿಯೂ ಒಂದೇ ಸಮ ಕರೆಂಟ್ ಕೊಡುತ್ತದೆ, ಹೊಗೆ ಬಿಡದೆ ಕೊಡುತ್ತದೆ. ಇದು ತುಂಬ ದೊಡ್ಡ ಲಾಭ. ಆದರೆ ಅದನ್ನು ಪಡೆಯಲು ಜನರ ನಂಬಿಕೆ ಬೇಕು, ಆ ನಂಬಿಕೆಯ ವಿಷಯದಲ್ಲಿ ನಮ್ಮ ಸರ್ಕಾರಗಳು ಮಾಡಬೇಕಾದ ಕೆಲಸ ತುಂಬ ಬಾಕಿ ಇದೆ.

ಒಲೆ ಬೇರೆ, ಉಳಿದದ್ದೆಲ್ಲ ಅದೇ

ರಾಯಚೂರಿನ ಶಕ್ತಿನಗರದಲ್ಲಿ ಆಗುವುದೂ ಕೈಗಾದಲ್ಲಿ ಆಗುವುದೂ ಮೂಲದಲ್ಲಿ ಒಂದೇ. ನೀರು ಕುದಿಸಬೇಕು, ಆವಿಯಿಂದ ಟರ್ಬೈನ್ ತಿರುಗಿಸಬೇಕು, ಟರ್ಬೈನ್ ಜನರೇಟರ್ ತಿರುಗಿಸುತ್ತದೆ. ಶಕ್ತಿನಗರದಲ್ಲಿ ಒಲೆಗೆ ಕಲ್ಲಿದ್ದಲು ಹಾಕುತ್ತಾರೆ. ಕೈಗಾದಲ್ಲಿ ಯುರೇನಿಯಂ. ಯುರೇನಿಯಂ ಉರಿಯುವುದಿಲ್ಲ, ಅದರ ಪರಮಾಣು ಒಡೆಯುತ್ತದೆ. ಒಡೆದಾಗ ಶಾಖ ಹುಟ್ಟುತ್ತದೆ, ಜೊತೆಗೆ ನ್ಯೂಟ್ರಾನುಗಳು ಹೊರಬಂದು ಪಕ್ಕದ ಪರಮಾಣುಗಳನ್ನು ಒಡೆಯುತ್ತವೆ. ಈ ಸರಪಳಿ ಕೈಮೀರದಂತೆ ಹಿಡಿದಿಡುವುದೇ ರಿಯಾಕ್ಟರಿನ ಕೆಲಸ.

ವ್ಯತ್ಯಾಸ ಇರುವುದು ಸೌದೆಯ ತೂಕದಲ್ಲಿ. ಕೈಗಾದ ಒಂದು ಘಟಕದ ಒಳಗೆ 306 ಅಡ್ಡ ಕೊಳವೆಗಳಿವೆ. ಪ್ರತಿ ಕೊಳವೆಯಲ್ಲಿ ಸಾಲಾಗಿ 12 ಇಂಧನದ ಕಟ್ಟುಗಳು. ಒಂದು ಕಟ್ಟು ಅಂದರೆ 19 ತೆಳು ಕಡ್ಡಿಗಳನ್ನು ಸೇರಿಸಿ ಮಾಡಿದ, ಸುಮಾರು ಅರ್ಧ ಮೀಟರ್ ಉದ್ದದ ಒಂದು ಹೊರೆ. ಹಳ್ಳಿ ಮನೆಯ ಒಲೆಗೆ ಹಾಕುವ ಒಂದು ಸೌದೆ ತುಂಡಿನಷ್ಟು ಉದ್ದ ಅನ್ನಿ. ತೂಕ 16-17 ಕಿಲೋ, ಅಂದರೆ ಒಂದು ಗ್ಯಾಸ್ ಸಿಲಿಂಡರಿನ ಒಳಗಿರುವ ಅನಿಲಕ್ಕಿಂತ ಸ್ವಲ್ಪ ಜಾಸ್ತಿ.

ಈ ಒಂದು ಕಟ್ಟು ತನ್ನ ಆಯಸ್ಸು ಮುಗಿಯುವಷ್ಟರಲ್ಲಿ ಸರಿಸುಮಾರು 6 ಲಕ್ಷ ಯೂನಿಟ್ ಕರೆಂಟ್ ಕೊಡುತ್ತದೆ. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗಳನ್ನು ತೆಗೆದುಕೊಂಡರೆ, 500 ಮನೆಗಳಿಗೆ ಒಂದು ವರ್ಷ ಸಾಕಾಗುವಷ್ಟು. ಅಷ್ಟೇ ಕರೆಂಟ್ ಕಲ್ಲಿದ್ದಲಿನಿಂದ ತೆಗೆಯಬೇಕಾದರೆ ಸುಮಾರು 400 ಟನ್ ಸುಡಬೇಕು.

ದಿನದ ಲೆಕ್ಕ ನೋಡಿದರೆ ಇನ್ನೂ ಸ್ಪಷ್ಟ. 220 ಮೆಗಾವಾಟಿನ ಒಂದು ಘಟಕ ಪೂರ್ತಿ ಓಡಲು ದಿನಕ್ಕೆ ಎಂಟೊಂಬತ್ತು ಕಟ್ಟು ಸಾಕು. ಒಂದು ಪಿಕಪ್ ಗಾಡಿಯಲ್ಲಿ ಹಿಡಿಸುವಷ್ಟು. ಅದೇ ಅಳತೆಯ ಕಲ್ಲಿದ್ದಲು ಘಟಕಕ್ಕೆ ದಿನಕ್ಕೆ ಹೆಚ್ಚು ಕಡಿಮೆ ಒಂದು ಇಡೀ ಗೂಡ್ಸ್ ರೈಲು ಬೇಕು, ಪ್ರತಿದಿನ, ವರ್ಷವಿಡೀ.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಶಕ್ತಿನಗರಕ್ಕೂ ಬಳ್ಳಾರಿಯ ಕುಡತಿನಿಗೂ ಬೇರೆ ರಾಜ್ಯಗಳಿಂದಲೇ ಬರಬೇಕು. ಗಣಿಯಲ್ಲಿ ಮಳೆ ನೀರು ತುಂಬಿದರೆ ಕಷ್ಟ, ರೈಲ್ವೆ ರೇಕ್ ಸಿಗದಿದ್ದರೆ ಕಷ್ಟ. ‘ಇನ್ನು ಕೆಲವೇ ದಿನಕ್ಕಾಗುವಷ್ಟು ದಾಸ್ತಾನು’ ಎಂಬ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ! ಯುರೇನಿಯಂ ವಿಷಯದಲ್ಲಿ ವರ್ಷಕ್ಕಾಗುವಷ್ಟನ್ನು ಒಂದು ಗೋದಾಮಿನಲ್ಲಿ ಇಟ್ಟುಕೊಳ್ಳಬಹುದು. ಹಾಗಂತ ಯುರೇನಿಯಂ ಕೊರತೆಯೇ ಆಗಿಲ್ಲ ಎಂದಲ್ಲ. 2007-08ರ ಸುಮಾರಿಗೆ ದೇಶದ ಗಣಿಗಳಿಂದ ಸಾಕಷ್ಟು ಯುರೇನಿಯಂ ಬರದೆ ನಮ್ಮ ರಿಯಾಕ್ಟರುಗಳನ್ನು ಕಡಿಮೆ ಸಾಮರ್ಥ್ಯದಲ್ಲಿ ಓಡಿಸಬೇಕಾಗಿತ್ತು. ಅಮೆರಿಕ ಜೊತೆಗಿನ ಅಣು ಒಪ್ಪಂದದ ನಂತರ ಆಮದಿನ ದಾರಿ ತೆರೆದ ಮೇಲೆ ಆ ಬಿಕ್ಕಟ್ಟು ಸಡಿಲವಾಯಿತು.

ಕೈಗಾ 1ನೇ ಘಟಕ ನಿಲ್ಲದೆ ಓಡಿದ್ದು ಹೇಗೆ

2016ರ ಮೇ 13ರಂದು ಮತ್ತೆ ಓಡಲು ತೊಡಗಿದ ಕೈಗಾದ 1ನೇ ಘಟಕ 2018ರ ಡಿಸೆಂಬರ್ 31ರವರೆಗೆ ಒಂದು ಸಲವೂ ನಿಲ್ಲಲಿಲ್ಲ. ಒಟ್ಟು 962 ದಿನ. ಅಲ್ಲಿಯವರೆಗೆ ಬ್ರಿಟನ್ನಿನ ಹೇಶಮ್ ಸ್ಥಾವರದ ಹೆಸರಲ್ಲಿದ್ದ 940 ದಿನಗಳ ವಿಶ್ವದಾಖಲೆ ಮುರಿಯಿತು. ಆಮೇಲೆ ಕೆನಡಾದ ಡಾರ್ಲಿಂಗ್ಟನ್ ಸ್ಥಾವರ ಇದನ್ನೂ ದಾಟಿತು, ಅದು ಬೇರೆ ಮಾತು. ಆ 962 ದಿನಗಳಲ್ಲಿ ಈ ಒಂದೇ ಘಟಕದಿಂದ ಬಂದದ್ದು ಸುಮಾರು 500 ಕೋಟಿ ಯೂನಿಟ್. ಬಳಸಿದ್ದು ನಮ್ಮದೇ ದೇಶದ ಯುರೇನಿಯಂ.

ಇದು ಸಾಧ್ಯವಾದದ್ದರ ಹಿಂದೆ ಒಂದು ಸರಳ ಜಾಣತನ ಇದೆ. ತಮಿಳುನಾಡಿನ ಕೂಡಂಕುಳಂನಲ್ಲಿರುವಂಥ ರಿಯಾಕ್ಟರುಗಳಲ್ಲಿ ಇಂಧನ ಬದಲಿಸಬೇಕೆಂದರೆ ಸ್ಥಾವರ ನಿಲ್ಲಿಸಿ, ದೊಡ್ಡ ಮುಚ್ಚಳ ತೆಗೆಯಬೇಕು. ಕೈಗಾದ್ದು ಭಾರಜಲ (ಹೆಚ್ಚು ತೂಕದ ಹೈಡ್ರೋಜನ್ ಇರುವ ನೀರು) ಬಳಸುವ ಬಗೆ. ಇಲ್ಲಿ ಕೊಳವೆಗಳು ಅಡ್ಡ ಇರುವುದರಿಂದ ಎರಡೂ ತುದಿಗೆ ಒಂದೊಂದು ಯಂತ್ರ ಬಂದು ಕೂರುತ್ತದೆ. ಒಂದು ತುದಿಯಿಂದ ಹೊಸ ಕಟ್ಟು ತಳ್ಳಿದರೆ ಇನ್ನೊಂದು ತುದಿಯಿಂದ ಹಳೆಯದು ಹೊರಗೆ ಬರುತ್ತದೆ. ಒಲೆ ಉರಿಯುತ್ತಲೇ ಇರುತ್ತದೆ. ಇದಕ್ಕೆ ಸಂವರ್ಧಿತ (ಸುಲಭವಾಗಿ ಒಡೆಯುವ ಪರಮಾಣುಗಳ ಪಾಲು ಹೆಚ್ಚಿಸಿದ) ಯುರೇನಿಯಂ ಬೇಕಾಗಿಲ್ಲ, ಗಣಿಯಿಂದ ತೆಗೆದು ಶುದ್ಧ ಮಾಡಿದ ಸಹಜ ಯುರೇನಿಯಂ ಸಾಕು.

ಆ 962 ದಿನಗಳಲ್ಲಿ ಏನೇನಾಯಿತು ನೆನಪು ಮಾಡಿಕೊಳ್ಳಿ. 2016ರ ಬರ, ಕಾವೇರಿ ಗಲಾಟೆ, ಖಾಲಿ ಜಲಾಶಯಗಳು. 2018ರಲ್ಲಿ ಕೊಡಗಿನ ಭಯಂಕರ ಮಳೆ. ಇದರ ನಡುವೆ ಒಂದು ಯಂತ್ರ ಸುಮ್ನೆ ತನ್ನ ಪಾಡಿಗೆ ತಿರುಗುತ್ತಲೇ ಇತ್ತು.

ಅದೇ 2023ರ ಅಕ್ಟೋಬರ್ ನೋಡಿ. ಮಳೆ ಕೈಕೊಟ್ಟಿತ್ತು, ಲಿಂಗನಮಕ್ಕಿ ತುಂಬಿರಲಿಲ್ಲ, ಬೆಳೆ ಒಣಗುತ್ತಿದ್ದರಿಂದ ಪಂಪ್‌ಸೆಟ್ ಬಳಕೆ ಏಕಾಏಕಿ ಏರಿತು. ರೈತರಿಗೆ 7 ಗಂಟೆ ಕೊಡುತ್ತಿದ್ದ ತ್ರೀ ಫೇಸ್ ಕರೆಂಟನ್ನು 5 ಗಂಟೆಗೆ ಇಳಿಸಬೇಕಾಯಿತು. ರಾಜ್ಯದ ಖಾಸಗಿ ಉತ್ಪಾದಕರು ಹೊರಗೆ ಮಾರದೆ ಇಲ್ಲಿಗೇ ಕೊಡಬೇಕೆಂದು ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿತು. ಬರ ಬಂದಾಗ ಬೇಡಿಕೆಯೂ ಏರುತ್ತದೆ, ಜಲವಿದ್ಯುತ್ತೂ ಬೀಳುತ್ತದೆ. ಎರಡು ಪೆಟ್ಟು ಒಟ್ಟಿಗೆ. ಅಂಥ ಹೊತ್ತಿನಲ್ಲಿ ಮೋಡ ನೋಡದೆ ಓಡುವ ಸ್ಥಾವರದ ಬೆಲೆ ಗೊತ್ತಾಗುತ್ತದೆ.

ಹೊಗೆಯ ಲೆಕ್ಕ

ಗಣಿಯಿಂದ ಹಿಡಿದು ಸ್ಥಾವರ ಕಟ್ಟಿ, ಓಡಿಸಿ, ಕೊನೆಗೆ ಕೆಡವುವವರೆಗಿನ ಎಲ್ಲವನ್ನೂ ಸೇರಿಸಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2014ರಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಒಂದು ಯೂನಿಟ್ ಕರೆಂಟಿಗೆ ಕಲ್ಲಿದ್ದಲಿನಿಂದ ಸುಮಾರು 820 ಗ್ರಾಂ ಇಂಗಾಲದ ಡೈಆಕ್ಸೈಡ್, ದೊಡ್ಡ ಸೋಲಾರ್ ಪಾರ್ಕಿನಿಂದ 48, ಅಣು ವಿದ್ಯುತ್ತಿನಿಂದ 12, ನೆಲದ ಮೇಲಿನ ಗಾಳಿಯಂತ್ರದಿಂದ 11. ಅಣು ವಿದ್ಯುತ್ ಗಾಳಿಯ ಸಾಲಿನಲ್ಲಿ ಕೂರುತ್ತದೆ, ಕಲ್ಲಿದ್ದಲಿನ ಹತ್ತಿರಕ್ಕೂ ಬರುವುದಿಲ್ಲ.

ಆದರೆ ಹವಾಮಾನ ದೂರದ ಮಾತು ಅನ್ನಿಸಬಹುದು. ಹತ್ತಿರದ್ದೇ ನೋಡೋಣ. ಭಾರತದ ಕಲ್ಲಿದ್ದಲಿನಲ್ಲಿ ಬೂದಿ 30ರಿಂದ 40 ಪರ್ಸೆಂಟ್ ಇರುತ್ತದೆ. 1,720 ಮೆಗಾವಾಟಿನ ಶಕ್ತಿನಗರ ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೆ ದಿನಕ್ಕೆ 25,000 ಟನ್ ಮೀರಿ ಕಲ್ಲಿದ್ದಲು ಬೇಕು. ಅಂದರೆ ದಿನಕ್ಕೆ ಸಾವಿರಾರು ಟನ್ ಬೂದಿ. ಅದು ಸುತ್ತಲಿನ ಹೊಲದ ಮೇಲೆ, ಮನೆಯ ಮಾಳಿಗೆ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಕೂರುತ್ತದೆ, ಉಸಿರಾಟದ ಜೊತೆ ಒಳಗೂ ಹೋಗುತ್ತದೆ. ಈ ಸಾವು ನೋವು ಯಾವ ದಿನದ ಮುಖಪುಟದಲ್ಲೂ ಬರುವುದಿಲ್ಲ, ಯಾಕೆಂದರೆ ಅದು ಒಂದೇ ದಿನ ಆಗುವುದಿಲ್ಲ.

ಅಪಘಾತ ಮತ್ತು ಹೊಗೆ ಎರಡನ್ನೂ ಸೇರಿಸಿ, ಹುಟ್ಟಿಸಿದ ಕರೆಂಟಿನ ಪ್ರಮಾಣಕ್ಕೆ ಸಾವಿನ ಲೆಕ್ಕ ಹಾಕಿದವರಲ್ಲಿ ಹೆಚ್ಚಿನವರು ಒಂದೇ ತೀರ್ಮಾನಕ್ಕೆ ಬರುತ್ತಾರೆ: ಚೆರ್ನೋಬಿಲ್, ಫುಕುಶಿಮಾ ಅಣುಸ್ಥಾವರಗಳ ದುರಂತ ಸೇರಿಸಿದರೂ ಕಲ್ಲಿದ್ದಲು ಅಣು ವಿದ್ಯುತ್ತಿಗಿಂತ ನೂರಾರು ಪಟ್ಟು ಹೆಚ್ಚು ಜೀವ ತೆಗೆಯುತ್ತದೆ. ಕೇಳಿದ ಕೂಡಲೇ ನಂಬಲು ಕಷ್ಟ. ಆದರೆ ನಮ್ಮ ದೇಶದ ಕರೆಂಟಿನಲ್ಲಿ ಸುಮಾರು ಮುಕ್ಕಾಲು ಭಾಗ ಇವತ್ತಿಗೂ ಕಲ್ಲಿದ್ದಲಿನದ್ದು, ಅಣು ವಿದ್ಯುತ್ 3 ಪರ್ಸೆಂಟ್ ಮಾತ್ರ ಎಂಬುದನ್ನು ಇಟ್ಟುಕೊಂಡು ಯೋಚಿಸಬೇಕು.

ಸೋಲಾರ್ ಇರುವಾಗ ಇದ್ಯಾಕೆ?

ಇದು ಅಣು ವಿದ್ಯುತ್ತಿನ ವಿರುದ್ಧ ಇರುವ ಅತ್ಯಂತ ಗಟ್ಟಿ ವಾದ. ಹೊಸ ಸೋಲಾರ್ ಕರೆಂಟ್ ಹರಾಜಿನಲ್ಲಿ ಯೂನಿಟ್ಟಿಗೆ ಎರಡೂವರೆ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತಿದೆ. ಒಂದು ಪಾರ್ಕ್ ಎರಡು ಮೂರು ವರ್ಷದಲ್ಲಿ ಎದ್ದು ನಿಲ್ಲುತ್ತದೆ. ಬ್ಯಾಟರಿ ಬೆಲೆಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.

ಪಾವಗಡವನ್ನೂ ಕೈಗಾವನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್, ಹರಡಿರುವುದು ಸುಮಾರು 13,000 ಎಕರೆಯಲ್ಲಿ. ಕೈಗಾ 880 ಮೆಗಾವಾಟ್. ಹೆಸರಿಗೆ ಪಾವಗಡ ಎರಡು ಪಟ್ಟಿಗಿಂತ ದೊಡ್ಡದು. ಆದರೆ ಸೂರ್ಯ ರಾತ್ರಿ ಇರುವುದಿಲ್ಲ, ಮೋಡದ ದಿನ ಕಡಿಮೆ. ವರ್ಷದ ಸರಾಸರಿ ತೆಗೆದರೆ ಸೋಲಾರ್ ತನ್ನ ಸಾಮರ್ಥ್ಯದ ನಾಲ್ಕನೇ ಒಂದು ಭಾಗದ ಒಳಗೇ ಕೊಡುತ್ತದೆ, ಚೆನ್ನಾಗಿ ಓಡುವ ಅಣುಸ್ಥಾವರ 80-85 ಪರ್ಸೆಂಟ್. ಹಾಗಾಗಿ ವರ್ಷದ ಕೊನೆಗೆ ಪಾವಗಡದಿಂದ ಬರುವುದು 400 ಕೋಟಿ ಯೂನಿಟ್ ಆಸುಪಾಸು, ಕೈಗಾದಿಂದ 600 ಕೋಟಿ ಮೀರಿ. ಮೆಗಾವಾಟ್ ಮೆಗಾವಾಟಿಗೆ ಸಮ ಅಲ್ಲ ಎನ್ನುವುದು ಇದಕ್ಕೇ.

ರಾತ್ರಿಯ ಸಮಸ್ಯೆಗೆ ಬ್ಯಾಟರಿ ಇದೆಯಲ್ಲ ಎನ್ನುತ್ತಾರೆ. ಇದೆ. ಸಂಜೆ ಆರರಿಂದ ಹತ್ತರವರೆಗಿನ ಭಾರವನ್ನು ಬ್ಯಾಟರಿ ಚೆನ್ನಾಗಿಯೇ ಹೊರುತ್ತದೆ. ಆದರೆ ಜುಲೈನಲ್ಲಿ ವಾರಗಟ್ಟಲೆ ಮೋಡ ಮುಚ್ಚಿದರೆ ನಾಲ್ಕು ಗಂಟೆಯ ಬ್ಯಾಟರಿ ಸಾಲುವುದಿಲ್ಲ. ನೀರನ್ನು ಮೇಲೆತ್ತಿ ಕೂಡಿಡುವ ಪಂಪ್ಡ್ ಸ್ಟೋರೇಜ್ ಇನ್ನೊಂದು ದಾರಿ. ಅದಕ್ಕೆ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಯೋಜನೆ ತಂದರೆ ಸಿಂಗಳೀಕಗಳಿರುವ ಕಾಡು ಹೋಗುತ್ತದೆ ಎಂದು ಅಲ್ಲೂ ಹೋರಾಟ ನಡೆದಿದೆ, ಮತ್ತು ಆ ಹೋರಾಟದಲ್ಲಿ ನ್ಯಾಯ ಇದೆ. ಎಲ್ಲ ದಾರಿಯಲ್ಲೂ ಯಾವುದೋ ಒಂದು ಊರು, ಯಾವುದೋ ಒಂದು ಕಾಡು ಬೆಲೆ ತೆರುತ್ತದೆ.

ಹಾಗಾಗಿ ಅಣು ವಿದ್ಯುತ್ತನ್ನು ಸೋಲಾರ್ ಎದುರು ನಿಲ್ಲಿಸುವುದೇ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಅದನ್ನು ನಿಲ್ಲಿಸಬೇಕಾದ್ದು ಕಲ್ಲಿದ್ದಲಿನ ಜಾಗದಲ್ಲಿ. ರಾಜ್ಯದ ಗರಿಷ್ಠ ಬೇಡಿಕೆ ಈಗಾಗಲೇ 18,000 ಮೆಗಾವಾಟ್ ದಾಟಿದೆ. ಹಗಲಿನ ಭಾರವನ್ನು ಬಿಸಿಲು ಹೊರಲಿ. ರಾತ್ರಿ ಎರಡು ಗಂಟೆಗೂ ಇಳಿಯದ ಆಸ್ಪತ್ರೆ, ನೀರು ಸರಬರಾಜು, ಕಾರ್ಖಾನೆ, ಡೇಟಾ ಸೆಂಟರುಗಳ ಭಾರವನ್ನು ಇವತ್ತು ಕಲ್ಲಿದ್ದಲು ಹೊರುತ್ತಿದೆ. ಅದನ್ನು ಇಳಿಸಿ ಬೇರೆ ಯಾರ ಹೆಗಲಿಗೆ ಹಾಕುವುದು ಎಂಬುದು ಪ್ರಶ್ನೆ.

ಜರ್ಮನಿಯ ವಿಷಯವೂ ಇಲ್ಲೇ ಅರ್ಥವಾಗುತ್ತದೆ. ಅವರು ಗಾಳಿ, ಸೋಲಾರ್ ತುಂಬ ಬೆಳೆಸಿದರು, ಮೆಚ್ಚಬೇಕಾದ್ದೇ. ಆದರೆ ಮೊದಲು ಮುಚ್ಚಿದ್ದು ಅಣುಸ್ಥಾವರಗಳನ್ನು, ಲಿಗ್ನೈಟ್ (ಕಂದು ಕಲ್ಲಿದ್ದಲು) ಸ್ಥಾವರಗಳು ಇನ್ನೂ ಉರಿಯುತ್ತಿವೆ. ಪಕ್ಕದ ಫ್ರಾನ್ಸ್ ಮೂರನೇ ಎರಡು ಭಾಗ ಕರೆಂಟನ್ನು ಅಣುವಿನಿಂದ ತೆಗೆಯುತ್ತದೆ, ಅದರ ಕರೆಂಟಿನ ಹೊಗೆ ಜರ್ಮನಿಗಿಂತ ಎಷ್ಟೋ ಪಟ್ಟು ಕಡಿಮೆ.

ಭಯಕ್ಕೆ ಕಾರಣ ಇದೆ

ಅಣು ವಿದ್ಯುತ್ ಪರ ಮಾತಾಡುವವರು ಮಾಡುವ ದೊಡ್ಡ ತಪ್ಪು ಎಂದರೆ ಜನರ ಭಯವನ್ನು ಅಜ್ಞಾನ ಎಂದು ತಳ್ಳಿಹಾಕುವುದು. ಭಯಕ್ಕೆ ಕಾರಣ ಇದೆ, ಅದು ಏನೆಂದು ಸರಿಯಾಗಿ ತಿಳಿದುಕೊಳ್ಳಬೇಕು.

ಕಲ್ಲಿದ್ದಲಿನ ಒಲೆಗೆ ಇಂಧನ ನಿಲ್ಲಿಸಿದರೆ ಬೆಂಕಿ ಆರುತ್ತದೆ. ರಿಯಾಕ್ಟರ್ ಹಾಗಲ್ಲ. ನಿಯಂತ್ರಣ ಕಡ್ಡಿ ಇಳಿಸಿ ಸರಪಳಿ ಕ್ರಿಯೆ ನಿಲ್ಲಿಸಿದ ಮೇಲೂ ಒಡೆದ ಪರಮಾಣುಗಳ ಚೂರುಗಳು ಶಾಖ ಬಿಡುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಇದು ಪೂರ್ತಿ ಶಾಖದ 6-7 ಪರ್ಸೆಂಟ್ ಇರುತ್ತದೆ, ಗಂಟೆಗಳು ಕಳೆದಂತೆ ಇಳಿಯುತ್ತದೆ. ಅನ್ನದ ಪಾತ್ರೆ ಕೆಳಗಿನ ಕೆಂಡದ ಹಾಗೆ. ಈ ಕೆಂಡಕ್ಕೆ ದಿನಗಟ್ಟಲೆ ನೀರು ಹರಿಸಲೇಬೇಕು.

2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಕೈಕೊಟ್ಟಿದ್ದು ಇದೇ. ಭೂಕಂಪ ಆದಾಗ ರಿಯಾಕ್ಟರುಗಳು ಸರಿಯಾಗಿಯೇ ನಿಂತವು. ಆಮೇಲೆ ಬಂದ ಸುನಾಮಿ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ಪಂಪ್ ಓಡಲಿಲ್ಲ, ಕೆಂಡ ಆರಲಿಲ್ಲ, ಇಂಧನ ಕರಗಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋಗಬೇಕಾಯಿತು. ವಿಕಿರಣಕ್ಕಿಂತ ಆ ಸ್ಥಳಾಂತರದ ಸಂಕಟವೇ ಹೆಚ್ಚು ಜೀವ ತೆಗೆಯಿತು, ಅದರಲ್ಲೂ ವಯಸ್ಸಾದವರನ್ನು.

ನಮ್ಮಲ್ಲೂ ಇಂಥ ಒಂದು ರಾತ್ರಿ ಬಂದಿತ್ತು. 1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನ್ ಬ್ಲೇಡ್ ಮುರಿದು ಬೆಂಕಿ ಹತ್ತಿತು. ಕೇಬಲ್‌ಗಳು ಸುಟ್ಟು ಸುಮಾರು 17 ಗಂಟೆ ಸ್ಥಾವರಕ್ಕೆ ಕರೆಂಟೇ ಇರಲಿಲ್ಲ. ಆದರೂ ಇಂಧನ ಕರಗಲಿಲ್ಲ. ಯಾಕೆಂದರೆ ಈ ಬಗೆಯ ರಿಯಾಕ್ಟರಿನಲ್ಲಿ ಬಿಸಿಯಾದ ನೀರು ತಾನೇ ಮೇಲಕ್ಕೆ ಹೋಗಿ ತಣ್ಣಗಾದದ್ದು ಕೆಳಗಿಳಿಯುವಂತೆ ಜೋಡಣೆ ಇದೆ, ಪಂಪ್ ಇಲ್ಲದೆಯೂ ಸ್ವಲ್ಪ ಮಟ್ಟಿಗೆ ನೀರು ಸುತ್ತುತ್ತದೆ. ಅದರ ಜೊತೆಗೆ ಸಿಬ್ಬಂದಿ ಬೆಂಕಿ ನಂದಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ನೀರು ಕೊಟ್ಟರು. ವಿನ್ಯಾಸವೂ ಉಳಿಸಿತು, ಮನುಷ್ಯರೂ ಉಳಿಸಿದರು.

ಕೈಗಾದ ದಾಖಲೆಯಲ್ಲೂ ಕಪ್ಪು ಚುಕ್ಕೆಗಳಿವೆ. 1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದ 1ನೇ ಘಟಕದ ಗುಮ್ಮಟದ ಒಳಭಾಗ ಕಳಚಿ, ನೂರಕ್ಕೂ ಹೆಚ್ಚು ಟನ್ ಕಾಂಕ್ರೀಟ್ ಬಿತ್ತು. ಅಪಘಾತ ಆದರೆ ವಿಕಿರಣವನ್ನು ಒಳಗೇ ಹಿಡಿದಿಡಬೇಕಾದ ಗುಮ್ಮಟ ಅದು. ಪುಣ್ಯಕ್ಕೆ ಒಳಗೆ ಇಂಧನ ಇರಲಿಲ್ಲ. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ವಿಕಿರಣ ಸೂಸುವ ಟ್ರೀಷಿಯಂ ಇರುವ ಭಾರಜಲ ಬೆರೆಸಿದ್ದರಿಂದ ಐವತ್ತಕ್ಕೂ ಹೆಚ್ಚು ನೌಕರರ ದೇಹಕ್ಕೆ ಅದು ಸೇರಿತು. ಯಂತ್ರ ಸರಿಯಿದ್ದರೂ ಒಳಗಿನ ಕಾವಲು ಸಡಿಲವಾದರೆ ಏನಾಗುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ.

ಚೆರ್ನೋಬಿಲ್ ದುರಂತ ಇನ್ನೂ ಹಸಿಯಾಗಿದ್ದ 1989ರಲ್ಲಿ ಶಿವರಾಮ ಕಾರಂತರು ಎಂಬತ್ತು ದಾಟಿದ ವಯಸ್ಸಿನಲ್ಲಿ ಕೈಗಾ ಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಗೆಲ್ಲಲಿಲ್ಲ. ಆದರೆ ಅಣುಸ್ಥಾವರ ಅಂದರೇನು, ಅಲ್ಲಿ ಏನು ತಪ್ಪಾಗಬಹುದು ಎಂದು ಕನ್ನಡದಲ್ಲಿ ಜನ ಮಾತಾಡುವಂತೆ ಮಾಡಿದ್ದು ಆ ಚಳವಳಿ. ಅವರ ತೀರ್ಮಾನವನ್ನು ಒಪ್ಪದವರೂ ಆ ಪ್ರಶ್ನೆಗಳಿಗೆ ಋಣಿಗಳಾಗಿರಬೇಕು.

ಉಳಿದ ಇಂಧನ ಎಲ್ಲಿಗೆ ಹೋಗುತ್ತದೆ?

ಬಳಸಿ ಮುಗಿದ ಕಟ್ಟುಗಳನ್ನು ಮೊದಲು ಸ್ಥಾವರದಲ್ಲೇ ಆಳವಾದ ನೀರಿನ ಕೊಳದಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಆಮೇಲೆ ಭಾರತ ಅದನ್ನು ಮರುಸಂಸ್ಕರಿಸಿ ಪ್ಲುಟೋನಿಯಂ ಮತ್ತು ಉಳಿದ ಯುರೇನಿಯಂ ತೆಗೆದುಕೊಳ್ಳುತ್ತದೆ. ಕೊನೆಗೆ ಉಳಿಯುವ ತೀವ್ರ ವಿಕಿರಣದ ತ್ಯಾಜ್ಯವನ್ನು ಗಾಜಿನಲ್ಲಿ ಬೆರೆಸಿ ಉಕ್ಕಿನ ಡಬ್ಬಿಯಲ್ಲಿ ತುಂಬುತ್ತಾರೆ. ಪ್ರಮಾಣ ತುಂಬ ಕಡಿಮೆ, ಬೂದಿಯ ಗುಡ್ಡದ ಪಕ್ಕ ಇಟ್ಟರೆ ಕಾಣುವುದೇ ಇಲ್ಲ. ಕಷ್ಟ ಇರುವುದು ಕಾಲದಲ್ಲಿ. ಸಾವಿರಾರು ವರ್ಷ ಕಾಯಬೇಕು. ಫಿನ್ಲೆಂಡ್ ಇದಕ್ಕಾಗಿ ಬಂಡೆಯೊಳಗೆ 400 ಮೀಟರಿಗೂ ಆಳದಲ್ಲಿ ಸುರಂಗ ಕೊರೆದಿದೆ. ನಮ್ಮಲ್ಲಿ ಅಂಥ ಶಾಶ್ವತ ಜಾಗ ಇನ್ನೂ ಇಲ್ಲ. 100 ಗಿಗಾವಾಟ್ ಕನಸು ಕಾಣುವ ದೇಶ ಅದರ ಚರ್ಚೆಯನ್ನು ಈಗಲೇ ಶುರು ಮಾಡಬೇಕು.

ದುಡ್ಡು ಮತ್ತು ಕಾಲ

ಅಣುಸ್ಥಾವರ ಕಟ್ಟುವುದು ದುಬಾರಿ, ಓಡಿಸುವುದು ಅಗ್ಗ. ಕಲ್ಲಿದ್ದಲಿನದ್ದು ಇದರ ಉಲ್ಟಾ. 2017ರಲ್ಲಿ ಕೇಂದ್ರ ಸಂಪುಟ ತಲಾ 700 ಮೆಗಾವಾಟಿನ 10 ರಿಯಾಕ್ಟರುಗಳಿಗೆ ಒಪ್ಪಿಗೆ ಕೊಟ್ಟಿತು, ಕೈಗಾ 5 ಮತ್ತು 6 ಅದರಲ್ಲೇ ಸೇರಿವೆ. ಅಂದಾಜು ವೆಚ್ಚ 1,05,000 ಕೋಟಿ ರೂಪಾಯಿ. ಅಂದರೆ ಒಂದು ಮೆಗಾವಾಟಿಗೆ 15 ಕೋಟಿ, ಸೋಲಾರಿಗಿಂತ ಮೂರ್ನಾಲ್ಕು ಪಟ್ಟು.

ಕಟ್ಟಿ ಮುಗಿದು ಸಾಲ ತೀರಿದ ಮೇಲೆ ಮಾತ್ರ ಇದರ ರುಚಿ ಗೊತ್ತಾಗುವುದು. ಇಂಧನದ ಖರ್ಚು ಚಿಕ್ಕದಾದ್ದರಿಂದ ಹತ್ತಿಪ್ಪತ್ತು ವರ್ಷವಾದರೂ ದರ ಹೆಚ್ಚು ಏರುವುದಿಲ್ಲ. ಮುಂಬೈ ಹತ್ತಿರದ ತಾರಾಪುರದ ಮೊದಲ ಎರಡು ಘಟಕ ಶುರುವಾದದ್ದು 1969ರಲ್ಲಿ, ದಶಕಗಳ ಕಾಲ ದೇಶದಲ್ಲೇ ಅತಿ ಅಗ್ಗದ ಕರೆಂಟುಗಳಲ್ಲಿ ಅದೂ ಒಂದಾಗಿತ್ತು.

ಆದರೆ ಕೆಲಸ ತಡವಾದರೆ ಬಡ್ಡಿ ಬೆಳೆಯುತ್ತದೆ, ಬಡ್ಡಿ ಬೆಳೆದರೆ ಯೂನಿಟ್ ದರ ಏರುತ್ತದೆ. ಮತ್ತು ಕೆಲಸ ತಡವಾಗುತ್ತಲೇ ಇದೆ. ಗುಜರಾತಿನ ಕಾಕ್ರಾಪಾರ್ 3ನೇ ಘಟಕಕ್ಕೆ ಕಾಂಕ್ರೀಟ್ ಹಾಕಿದ್ದು 2010ರಲ್ಲಿ, ವಾಣಿಜ್ಯ ಉತ್ಪಾದನೆ 2023ರಲ್ಲಿ. ರಾಜಸ್ಥಾನದ 7ನೇ ಘಟಕ 2011ರಲ್ಲಿ ಶುರುವಾಗಿ 2025ರ ಮಾರ್ಚ್‌ನಲ್ಲಿ ಗ್ರಿಡ್ ಸೇರಿತು. ಇದು ನಮ್ಮ ಕಥೆ ಮಾತ್ರ ಅಲ್ಲ. ಫಿನ್ಲೆಂಡಿನ ಓಲ್ಕಿಲುಟೊ 3ನೇ ಘಟಕ 2005ರಲ್ಲಿ ಶುರುವಾಗಿ ಮುಗಿದದ್ದು 2023ಕ್ಕೆ.

ಇನ್ನು 100 ಗಿಗಾವಾಟ್ ಗುರಿ. 1969ರಿಂದ ಇಲ್ಲಿಯವರೆಗೆ ಐವತ್ತೈದು ವರ್ಷದಲ್ಲಿ ನಾವು ಮುಟ್ಟಿರುವುದು ಸುಮಾರು 8,800 ಮೆಗಾವಾಟ್. 2047ಕ್ಕೆ 1,00,000 ಆಗಬೇಕಾದರೆ ಪ್ರತಿವರ್ಷ 4,000 ಮೆಗಾವಾಟ್ ಸೇರಬೇಕು. ಅಂದರೆ ಪ್ರತಿ ಎರಡು ತಿಂಗಳಿಗೆ ಒಂದು 700 ಮೆಗಾವಾಟಿನ ಘಟಕ. ಗುರಿಯ ಅರ್ಧ ಮುಟ್ಟಿದರೂ ಅದು ದೊಡ್ಡ ಸಾಧನೆ ಎಂದೇ ಹೇಳಬೇಕು.

ಹೊಸ ಕಾಯ್ದೆಯ ತಕರಾರು ಎಲ್ಲಿದೆ

ಈ ವೇಗಕ್ಕಾಗಿಯೇ ‘ಶಾಂತಿ’ ಕಾಯ್ದೆ ಬಂದದ್ದು. 1962ರ ಅಣುಶಕ್ತಿ ಕಾಯ್ದೆ ಮತ್ತು 2010ರ ನಾಗರಿಕ ಹೊಣೆಗಾರಿಕೆ ಕಾಯ್ದೆ ಎರಡನ್ನೂ ಇದು ತೆಗೆದುಹಾಕಿತು. ಖಾಸಗಿ ಕಂಪನಿಗಳು ಸ್ಥಾವರ ಕಟ್ಟಿ ಓಡಿಸಬಹುದು. ಮರುಸಂಸ್ಕರಣೆಯಂಥ ಸೂಕ್ಷ್ಮ ಕೆಲಸ ಸರ್ಕಾರದ ಬಳಿಯೇ ಇರುತ್ತದೆ. ಅಣುಶಕ್ತಿ ನಿಯಂತ್ರಣ ಮಂಡಳಿಗೆ ಕಾನೂನಿನ ಸ್ಥಾನ ಸಿಕ್ಕಿದೆ, ಇದು ಬಹಳ ಹಿಂದೆಯೇ ಆಗಬೇಕಿತ್ತು.

ಜಗಳ ಇರುವುದು ಹೊಣೆಗಾರಿಕೆಯ ಮೇಲೆ. ಭೋಪಾಲದ ಅನಿಲ ದುರಂತದ ನೆನಪಿನಲ್ಲಿ 2010ರ ಕಾಯ್ದೆಗೆ 17(ಬಿ) ಎಂಬ ಕಲಂ ಸೇರಿಸಲಾಗಿತ್ತು. ಅಪಘಾತಕ್ಕೆ ಯಂತ್ರದ ದೋಷವೇ ಕಾರಣವಾದರೆ, ಪರಿಹಾರ ಕೊಟ್ಟ ಸ್ಥಾವರದವರು ಆ ದುಡ್ಡನ್ನು ಯಂತ್ರ ಕೊಟ್ಟವರಿಂದ ವಸೂಲಿ ಮಾಡಬಹುದಿತ್ತು. ವಿದೇಶಿ ಕಂಪನಿಗಳು ಇದಕ್ಕೆ ಒಪ್ಪಲಿಲ್ಲ. ಮಹಾರಾಷ್ಟ್ರದ ಜೈತಾಪುರ, ಆಂಧ್ರದ ಕೊವ್ವಾಡ ಯೋಜನೆಗಳು ವರ್ಷಗಟ್ಟಲೆ ಕಾಗದದಲ್ಲೇ ಉಳಿದವು. ಹೊಸ ಕಾಯ್ದೆ ಆ ಕಲಮನ್ನು ಕೈಬಿಟ್ಟಿತು. ಸ್ಥಾವರ ನಡೆಸುವವರ ಹೊಣೆಗೂ ಗಾತ್ರಕ್ಕೆ ತಕ್ಕ ಮಿತಿ ಹಾಕಿತು, ಅತಿ ದೊಡ್ಡ ಸ್ಥಾವರಕ್ಕೆ 3,000 ಕೋಟಿ.

ಸರ್ಕಾರದ ವಾದ ಇಷ್ಟು: ಜಗತ್ತಿನ ಬಹುಪಾಲು ದೇಶಗಳಲ್ಲಿ ನಡೆಸುವವರೇ ಹೊಣೆ, ಯಂತ್ರ ಮಾರಿದವರಲ್ಲ, ಹಾಗಿಲ್ಲದೆ ಯಾರೂ ಬಂಡವಾಳ ಹಾಕುವುದಿಲ್ಲ. ವಿರೋಧಿಗಳು ಕೇಳುವುದು, ಫುಕುಶಿಮಾದ ನಷ್ಟ ಲಕ್ಷಾಂತರ ಕೋಟಿ ಆಗಿರುವಾಗ 3,000 ಕೋಟಿ ಯಾವ ಮೂಲೆಗೆ, ಲಾಭ ಕಂಪನಿಗೆ ಬಂದು ನಷ್ಟ ಊರಿನವರಿಗೆ ಬರುವುದಾದರೆ ಅದು ಯಾವ ನ್ಯಾಯ ಎಂದು.

ನನಗೆ ಎರಡನೇ ಪ್ರಶ್ನೆಯೇ ಹೆಚ್ಚು ತೂಕದ್ದು ಅನ್ನಿಸುತ್ತದೆ. ಅಪಘಾತದ ಸಾಧ್ಯತೆ ಅಷ್ಟು ಕಡಿಮೆ ಎಂದು ಕಂಪನಿಗಳು ನಿಜವಾಗಿ ನಂಬಿದ್ದರೆ ಹೊಣೆ ಹೊರಲು ಹಿಂಜರಿಯಬೇಕಾಗಿರಲಿಲ್ಲ ಅಲ್ವಾ? ಕೈಗಾದ ಸಾಧನೆ ಬಂದದ್ದು ಸರ್ಕಾರಿ ಸಂಸ್ಥೆಯಿಂದ, ಒಂದೇ ಬಗೆಯ ರಿಯಾಕ್ಟರನ್ನು ದಶಕಗಳ ಕಾಲ ಓಡಿಸಿ ಕಲಿತ ಎಂಜಿನಿಯರುಗಳಿಂದ. ಆ ಅನುಭವವನ್ನು ವಿಸ್ತರಿಸುವುದು, ಅಂದರೆ ಅದೇ 700 ಮೆಗಾವಾಟಿನ ದೇಶೀ ವಿನ್ಯಾಸವನ್ನು ಮತ್ತೆ ಮತ್ತೆ ಕಟ್ಟುವುದು, ಹೊಸ ಹೊಸ ವಿದೇಶಿ ಮಾದರಿಗಳಿಗೆ ಹೋಗುವುದಕ್ಕಿಂತ ಸುರಕ್ಷಿತ ದಾರಿ.

ಕೈಗಾ, ಕೊಪ್ಪಳ: ಮುಂದೇನು

ಕೈಗಾದಲ್ಲಿ 5 ಮತ್ತು 6 ಸೇರಿದರೆ 880 ಇದ್ದದ್ದು 2,280 ಮೆಗಾವಾಟ್ ಆಗುತ್ತದೆ. ಆದರೆ ಅಲ್ಲಿನ ಜನ ವಿರೋಧಿಸುವುದಕ್ಕೆ ಒಂದು ಹಿನ್ನೆಲೆ ಇದೆ. ಕಾಳಿ ಒಂದೇ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ಕೆಳಗೆ ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆ. ಒಂದೇ ಜಿಲ್ಲೆ ಎಷ್ಟು ಸಲ ಜಾಗ ಬಿಡಬೇಕು? ಈಗ ಮತ್ತೆ ಪಶ್ಚಿಮ ಘಟ್ಟದ ಸಾವಿರಾರು ಮರ ಹೋಗುತ್ತವೆ. ಹುಟ್ಟುವ ಕರೆಂಟ್ ದಕ್ಷಿಣದ ರಾಜ್ಯಗಳಿಗೆಲ್ಲ ಹಂಚಿಕೆಯಾಗುತ್ತದೆ. ಸುತ್ತಲಿನ ಊರಿನವರಿಗೆ ಕ್ಯಾನ್ಸರಿನ ಭಯ ಮೊದಲಿಂದಲೂ ಇದೆ. ಸ್ಥಾವರದಿಂದ ಜನರಿಗೆ ಸೇರಬಹುದಾದ ವಿಕಿರಣಕ್ಕೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿ ಇದೆ, ನೆಲ ಮತ್ತು ಆಕಾಶದಿಂದ ಸಹಜವಾಗಿ ಬರುವುದೇ ಜಗತ್ತಿನ ಸರಾಸರಿಯಲ್ಲಿ 2.4. ಈ ಸಂಖ್ಯೆಗಳು ಸಮಾಧಾನ ಕೊಡುವಂಥವೇ. ಆದರೆ ಕದ್ರಾದ ನೀರಿನಲ್ಲಿ, ಹಾಲಿನಲ್ಲಿ, ಮೀನಿನಲ್ಲಿ ಅಳೆದ ಅಂಕಿಗಳು ತಿಂಗಳು ತಿಂಗಳು ಕನ್ನಡದಲ್ಲಿ ಗ್ರಾಮ ಪಂಚಾಯ್ತಿ ಬೋರ್ಡಿಗೆ ಬಂದಾಗ ಮಾತ್ರ ಆ ಸಮಾಧಾನ ಅವರ ಮನೆ ಮುಟ್ಟುತ್ತದೆ. ಅಳೆಯುವವರು ಸ್ಥಾವರದ ಸಂಬಳ ತೆಗೆದುಕೊಳ್ಳದವರಾಗಿದ್ದರೆ ಇನ್ನೂ ಒಳ್ಳೆಯದು.

ಕೊಪ್ಪಳದ್ದು ಬೇರೆ ಪ್ರಶ್ನೆ, ಅಲ್ಲಿ ಮೊದಲು ಕೇಳಬೇಕಾದ್ದು ನೀರು. ಕಡಲ ತೀರದ ಸ್ಥಾವರ ಸಮುದ್ರದ ನೀರಿನಿಂದ ತಣ್ಣಗಾಗುತ್ತದೆ. ಒಳನಾಡಿನಲ್ಲಿ ನದಿ ಅಥವಾ ಜಲಾಶಯ ಬೇಕು, ಕೂಲಿಂಗ್ ಟವರಿನಿಂದ ಆವಿಯಾಗಿ ಹೋಗುವ ನೀರು ವಾಪಸ್ ಬರುವುದಿಲ್ಲ. ತುಂಗಭದ್ರಾ ಜಲಾಶಯ 133 ಟಿಎಂಸಿ ಇದ್ದದ್ದು ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದದ್ದನ್ನು ಇಡೀ ರಾಜ್ಯ ನೋಡಿದೆ. ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂದು ಪ್ರತಿವರ್ಷ ಕಾಯುವ ರೈತರ ಪಕ್ಕದಲ್ಲಿ ವರ್ಷವಿಡೀ ನೀರು ಬೇಡುವ ಸ್ಥಾವರ ತರುವುದಾದರೆ, ಆ ನೀರು ಯಾರ ಪಾಲಿನದ್ದು ಎಂದು ಜಾಗ ಗುರುತಿಸುವ ಮೊದಲೇ ಹೇಳಬೇಕು. ಹಳೆಯ ಕಲ್ಲಿದ್ದಲು ಸ್ಥಾವರಗಳ ಜಾಗ, ಅವುಗಳ ನೀರಿನ ಹಕ್ಕು, ಅವುಗಳ ವಿದ್ಯುತ್ ಲೈನು ಈಗಾಗಲೇ ಇವೆಯಲ್ಲ. ಹೊಸ ಹೊಲಕ್ಕೆ ಕೈ ಹಾಕುವ ಮೊದಲು ಅಲ್ಲಿ ಆಗುತ್ತದೆಯೇ ಎಂದು ನೋಡುವುದು ಹೆಚ್ಚು ನ್ಯಾಯ.

ಕೈಗಾದ ಮೊದಲ ಎರಡು ಘಟಕ ಶುರುವಾದದ್ದು 2000ದಲ್ಲಿ. 2040ಕ್ಕೆ ಅವಕ್ಕೆ ನಲವತ್ತು ತುಂಬುತ್ತದೆ, ಅಷ್ಟರೊಳಗೆ ಒಳಗಿನ ಕೊಳವೆಗಳನ್ನೆಲ್ಲ ಒಮ್ಮೆ ಬದಲಿಸಲು ಬಹಳ ಕಾಲ ನಿಲ್ಲಿಸಬೇಕಾಗುತ್ತದೆ. ಇವತ್ತು ಎಲ್ಲಿಯೇ ಹೊಸ ಸ್ಥಾವರಕ್ಕೆ ಜಾಗ ಒಪ್ಪಿಗೆಯಾದರೂ, ಕಾಕ್ರಾಪಾರ್, ರಾಜಸ್ಥಾನದ ವೇಗದಲ್ಲೇ ನಡೆದರೆ ಅಲ್ಲಿಂದ ಮೊದಲ ಯೂನಿಟ್ ಬರುವುದೂ ಆ ಹೊತ್ತಿಗೇ. ಅಲ್ಲಿಯವರೆಗೆ ರಾಜ್ಯದ ರಾತ್ರಿಯ ಭಾರ ಶಕ್ತಿನಗರಕ್ಕೆ ಬರುವ ಗೂಡ್ಸ್ ರೈಲುಗಳ ಮೇಲೆಯೇ ಇರುತ್ತದೆ.